ಒಂದು ಪ್ಯಾಕೆಟ್, ಮೂರು ತಿಂಗಳು: ಎರಡನೇ ಮಗು ನಿಲ್ಲದ ಒಂದು ಪ್ರಕರಣ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಪೇಟೆಯಲ್ಲಿ ನಾನು ಕುಟುಂಬ ವೈದ್ಯೆ. ಜ್ವರ, ಕೆಮ್ಮು, ಬಿಪಿ, ಶುಗರ್, ಉಂಬಳ ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಂಡ ಕಾಲು, ಇದು ನನ್ನ ದಿನ. ಬಂಜೆತನದ ತಜ್ಞೆ ನಾನಲ್ಲ. ಆದರೆ ಈ ಕಡೆ ‘ಮಗು ನಿಲ್ತಾ ಇಲ್ಲ’ ಎನ್ನುವ ಮಾತು ಮೊದಲು ಬೀಳುವುದು ತಜ್ಞರ ಕಿವಿಗಲ್ಲ, ನಮ್ಮಂಥವರ ಕಿವಿಗೆ. ದಾರಿ ತಪ್ಪುವುದೂ ಅಲ್ಲೇ. ಇದು ಹಾಗೆ ತಪ್ಪಿದ ಒಂದು ಪ್ರಕರಣ. ತಪ್ಪಿಸಿದವರಲ್ಲಿ ನಾನೂ ಒಬ್ಬಳು.

ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಾಯಿಲೆಯ ಕತೆ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಮೊದಲ ಮಗು ಆದದ್ದು 2014ರ ಜುಲೈಯಲ್ಲಿ. ಆಕೆಗೆ ಆಗ 26. ಹೆರಿಗೆಗೆ ತವರಿಗೆ ಹೋಗಿದ್ದರು. ಸಹಜ ಹೆರಿಗೆ, ಹೆಣ್ಣು ಮಗು. ಗಂಡನ ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಎರಡು ಹಸು, ಅತ್ತೆ. ಗಂಡ ಆಕೆಗಿಂತ ಐದು ವರ್ಷ ದೊಡ್ಡವರು. ಮಾತು ಕಮ್ಮಿ, ದುಶ್ಚಟ ಎಂದರೆ ಎಲೆಯಡಿಕೆ ಮಾತ್ರ.

ಮಗಳಿಗೆ ಎರಡೂವರೆ ತುಂಬಿದ ಮೇಲೆ, 2017ರ ಶುರುವಿನಲ್ಲಿ, ಇನ್ನೊಂದು ಬೇಕು ಎಂದುಕೊಂಡರು. ನನ್ನ ಹತ್ತಿರ ಬಂದದ್ದು 2018ರ ನವೆಂಬರಿನಲ್ಲಿ. ಅಡಿಕೆ ಕೊಯ್ಲು ಶುರುವಾಗಿತ್ತು. ಅಡಿಕೆ ಸುಲಿದು ಸುಲಿದು ಆಕೆಯ ಬೆರಳ ತುದಿಯೆಲ್ಲ ಕಪ್ಪಾಗಿತ್ತು.

“ಮೊದಲ್ನೇದು ಮದುವೆಯಾಗಿ ನಾಲ್ಕೇ ತಿಂಗಳಿಗೆ ನಿಂತಿತ್ತು ಡಾಕ್ಟ್ರೇ. ಈಗ ಏನಾಗಿದೆ ಅಂತ?”

ನಾನು ಹೇಳಿದ್ದು ಎಲ್ಲರೂ ಹೇಳುವುದನ್ನೇ. “ಒಂದು ಆಗಿದೆಯಲ್ಲ, ಇನ್ನೊಂದೂ ಆಗ್ತದೆ. ಟೆನ್ಶನ್ ಮಾಡ್ಕೋಬೇಡಿ.”

ಈಗ ಆ ವಾಕ್ಯ ನೆನಪಾದರೆ ನಾಚಿಕೆಯಾಗುತ್ತದೆ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಪರೀಕ್ಷೆ ಶುರು ಮಾಡಬೇಕು, ಹೆಂಗಸಿಗೆ 35 ದಾಟಿದ್ದರೆ ಆರೇ ತಿಂಗಳಿಗೆ. ಮೊದಲು ಹೆತ್ತವರಿಗೆ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆಕೆ ಬರುವ ಹೊತ್ತಿಗೆ ಇಪ್ಪತ್ತು ತಿಂಗಳು ಕಳೆದಿತ್ತು. ಹೆರದ ಹುಡುಗಿಯೊಬ್ಬಳು ಹೀಗೆ ಬಂದಿದ್ದರೆ ಅವತ್ತೇ ಚೀಟಿ ಬರೆದುಕೊಡುತ್ತಿದ್ದೆ. ಈಕೆಯ ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಕುರ್ಚಿಯ ಮೇಲೆ ಕಾಲಾಡಿಸುತ್ತಾ ಕೂತಿದ್ದಳು. ಆ ಮಗುವೇ ನನಗೆ ರಿಪೋರ್ಟು ಅನ್ನಿಸಿಬಿಟ್ಟಿತು.

ಆದರೂ ಥೈರಾಯ್ಡ್ ನೋಡಿಸಿದೆ. ಟಿಎಸ್‌ಎಚ್ 5.6 ಬಂತು, ಸ್ವಲ್ಪ ಜಾಸ್ತಿ. 25 ಮೈಕ್ರೋಗ್ರಾಂ ಮಾತ್ರೆ ಕೊಟ್ಟೆ. ತಪ್ಪು ಚಿಕಿತ್ಸೆ ಏನಲ್ಲ. ಆದರೆ ಕಾರಣ ಸಿಕ್ಕಿತು ಎಂದು ನಾನು ನಿರಾಳವಾದೆನಲ್ಲ, ಅದು ತಪ್ಪು. ಫೈಲಿನಲ್ಲಿ ‘ಮುಟ್ಟು ಸರಿ, 28–30 ದಿನ’ ಎಂದು ಬರೆದೆ. ತಿಂಗಳು ತಿಂಗಳು ಆಗ್ತದಾ ಎಂದು ಕೇಳಿದ್ದೆ, ಹೂಂ ಎಂದಿದ್ದರು. ಅಲ್ಲಿಗೆ ಮುಗಿಯಿತು.

ಸಮಸ್ಯೆ, ಆಕೆ ಹೇಳಿದ ಹಾಗೆ

ಮಗುವೇ ಇಲ್ಲದವರ ನೋವು ಊರಿಗೆ ಗೊತ್ತಾಗುತ್ತದೆ. ಒಂದಿದ್ದವರದ್ದು ಗೊತ್ತಾಗುವುದಿಲ್ಲ. ಆಕೆ ಹೇಳಿಕೊಂಡರೆ “ಇರೋದನ್ನ ಚೆನ್ನಾಗಿ ಸಾಕು ಮಾರಾಯ್ತಿ” ಎಂದು ಒಬ್ಬರು, “ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ” ಎಂದು ಇನ್ನೊಬ್ಬರು. ಕೆಲವೊಮ್ಮೆ ಎರಡನ್ನೂ ಒಬ್ಬರೇ, ಒಂದೇ ಮದುವೆ ಮನೆಯಲ್ಲಿ.

ಮಗಳ ತೊಟ್ಟಿಲು ಅಟ್ಟದ ಮೇಲಿತ್ತು. ಮಳೆಗಾಲ ಮುಗಿದರೆ ಅದರ ಹಗ್ಗ, ಬಟ್ಟೆ, ಪುಟ್ಟ ಹಾಸಿಗೆ ಎಲ್ಲಕ್ಕೂ ಬೂಸು ಹಿಡಿದಿರುತ್ತದೆ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಇಳಿಸಿ, ಒರೆಸಿ, ಅಂಗಳದ ಬಿಸಿಲಿಗೆ ಒಂದು ದಿನ ಇಟ್ಟು ಮತ್ತೆ ಅಟ್ಟ ಹತ್ತಿಸುತ್ತಿದ್ದರು. ಮೂರನೇ ವರ್ಷ ಅತ್ತೆ, “ಯಾರಿಗಾದ್ರೂ ಬೇಕಾದವ್ರಿಗೆ ಕೊಡಬಾರ್ದಾ?” ಎಂದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಜಾಗ ಹಿಡೀತಿದೆ ಎಂದು ಹೇಳಿದ್ದು. ಆಕೆ ಅವತ್ತು ಊಟ ಮಾಡಲಿಲ್ಲ. ಮರುದಿನ ನನ್ನ ಹತ್ತಿರ ಬಂದರು. ಇದನ್ನು ನನಗೆ ಹೇಳಿದ್ದು ಮಾತ್ರ ಎಷ್ಟೋ ತಿಂಗಳಾದ ಮೇಲೆ.

ಏನೇನು ಮಾಡಿ ನೋಡಿದರು

ಮುಂದಿನ ಏಳೆಂಟು ತಿಂಗಳು ಒಂದರ ಹಿಂದೆ ಒಂದು.

ಥೈರಾಯ್ಡ್ ಸರಿಹೋಯಿತು, ಮಗು ನಿಲ್ಲಲಿಲ್ಲ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದರು. ಸಿಗಂದೂರಿಗೆ ಹೋಗಿಬಂದರು. ಈಗ ಅಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾಗಿದೆ, ಆಗ ಲಾಂಚು. ಲಾಂಚಿನ ಕಂಬಿ ಹಿಡಿದು ನಿಂತಷ್ಟು ಹೊತ್ತು ಗಂಡ ಹೆಂಡತಿ ಮಗುವಿನ ವಿಷಯ ಬಿಟ್ಟು ಬೇರೆ ಮಾತಾಡಿದರಂತೆ, ಒಂದು ವರ್ಷದಲ್ಲಿ ಮೊದಲ ಸಲ. ಪೂಜೆ ಪುನಸ್ಕಾರಕ್ಕೆ ನಾನು ಅಡ್ಡ ಹೇಳುವುದಿಲ್ಲ. ಅದರಿಂದ ಹೋದ ದಿನ ಎರಡೋ ಮೂರೋ. ನಮ್ಮಿಂದ ಹೋದದ್ದು ತಿಂಗಳುಗಟ್ಟಲೆ.

ಯಾರೋ ಹೇಳಿದರೆಂದು ಪೇಟೆಯ ಒಂದು ಕ್ಲಿನಿಕ್ಕಿಗೂ ಹೋದರು. ಅಲ್ಲಿ ಮೊಟ್ಟೆ ಬೆಳೆಯುವ ಮಾತ್ರೆ, ಕ್ಲೋಮಿಫೀನ್, ನಾಲ್ಕು ಸುತ್ತು. ಪ್ರತಿ ಸುತ್ತಿಗೂ ಸ್ಕ್ಯಾನಿಂಗ್. ಪ್ರತಿ ಸಲವೂ ಮೊಟ್ಟೆ ಚೆನ್ನಾಗಿಯೇ ಬೆಳೆಯುತ್ತಿತ್ತು, 18 ಮಿ.ಮೀ., 20 ಮಿ.ಮೀ. ಆ ರಿಪೋರ್ಟುಗಳನ್ನು ಆಮೇಲೆ ನಾನು ಸಾಲಾಗಿ ಮೇಜಿನ ಮೇಲೆ ಹರಡಿ ನೋಡಿದೆ. ಗರ್ಭಕೋಶದ ಒಳಪದರದ ದಪ್ಪ ನಾಲ್ಕು ಸಲವೂ 4, 5 ಮಿ.ಮೀ. ಆಸುಪಾಸು. ಭ್ರೂಣ ಕಚ್ಚಿಕೊಳ್ಳಲು ಸಾಮಾನ್ಯವಾಗಿ 7 ಆದರೂ ಇರಲಿ ಎನ್ನುತ್ತಾರೆ. ಅಲ್ಲಿಯೂ ಅದನ್ನು ಗಮನಿಸಿದ್ದರು. ಆದರೆ ಕ್ಲೋಮಿಫೀನಿಗೆ ಒಳಪದರವನ್ನು ತೆಳು ಮಾಡುವ ಗುಣ ಇದೆ. ಮಾತ್ರೆಯಿಂದ ಹೀಗಾಗಿದೆ ಎಂದು ಬಿಟ್ಟಿದ್ದರು. ಸುಳಿವು ಕಣ್ಣೆದುರಿಗೇ ಇತ್ತು, ಅದಕ್ಕೆ ಒಂದು ಒಳ್ಳೆಯ ವಿವರಣೆಯೂ ಸಿಕ್ಕಿಬಿಟ್ಟಿತ್ತು. ನಾನಿದ್ದರೂ ಹಾಗೇ ಬಿಡುತ್ತಿದ್ದೆನೇನೋ.

ಇನ್ನು ಗಂಡನ ಪರೀಕ್ಷೆ. ಅದಕ್ಕೊಂದು ದೊಡ್ಡ ಕತೆಯೇ ಆಯಿತು. ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಒಂಟಿಯಾಗಿಯೋ ಜೊತೆಗೂಡಿಯೋ. ಮೊದಲ ಮಗುವಿನ ಹೊತ್ತಿಗೆ ಸರಿ ಇದ್ದ ವೀರ್ಯ ಐದು ವರ್ಷಕ್ಕೆ ಸರಿ ಇರಬೇಕೆಂದೇನೂ ಇಲ್ಲ. ವೃಷಣದ ರಕ್ತನಾಳ ಉಬ್ಬುವ ವೆರಿಕೋಸಿಲ್ ವರ್ಷ ಕಳೆದಂತೆ ಹೆಚ್ಚಾಗಬಹುದು, ತಂಬಾಕು ಸೇರಬಹುದು, ತೂಕ ಏರಬಹುದು. ಪರೀಕ್ಷೆಯೂ ಸುಲಭ, ಸೂಜಿ ಇಲ್ಲ, ಖರ್ಚೂ ಕಮ್ಮಿ. ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಮಗಳ ಕಡೆ ಕೈ ತೋರಿಸಿ, “ಇವಳ ಮೂಗು ನೋಡಿ, ಯಾರದ್ದು?” ಎಂದರು. ನನಗೂ ನಗು ಬಂತು. ನಗುವಿನಲ್ಲಿ ಮತ್ತೆ ಮೂರು ತಿಂಗಳು ಹೋಯಿತು.

ಕೊನೆಗೆ 2019ರ ಮೇ ತಿಂಗಳಲ್ಲಿ ಒಪ್ಪಿದರು. ಮೂರ್ನಾಲ್ಕು ದಿನ ಸೇರದೆ ಇದ್ದು ಕೊಡಬೇಕು, ಮಾದರಿ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಮನೆಯಿಂದ ತರುತ್ತೇನೆಂದರು. ಅವರ ಮನೆಯಿಂದ ಬಸ್ ರಸ್ತೆಗೇ ಮುಕ್ಕಾಲು ಗಂಟೆ ದಾರಿ. ಆಗುವುದಿಲ್ಲ, ಲ್ಯಾಬಿನಲ್ಲೇ ಕೊಡಿ ಎಂದರೆ, ಅಲ್ಲಿ ಕೌಂಟರಿನಲ್ಲಿ ಕೂತ ಹುಡುಗಿ ಅವರ ದೊಡ್ಡಪ್ಪನ ಮನೆ ಕಡೆಯವಳು. ಸಣ್ಣ ಊರಿನ ತೊಂದರೆ ಇದು, ಪುಸ್ತಕದಲ್ಲಿ ಇರುವುದಿಲ್ಲ. ಅಡಿಕೆ ಮಂಡಿಗೆ ಹೋಗುವ ನೆಪ ಮಾಡಿ ಶಿವಮೊಗ್ಗಕ್ಕೆ ಹೋಗಿ ಕೊಟ್ಟು ಬಂದರು.

ರಿಪೋರ್ಟು ಚೆನ್ನಾಗಿತ್ತು. ಆಗ ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ ಒಂದು ಮಿ.ಲೀ.ಗೆ 1.5 ಕೋಟಿ ವೀರ್ಯಾಣು. 2021ರಲ್ಲಿ ಅದು 1.6 ಕೋಟಿ ಆಯಿತು. ಇವರದ್ದು 4.8 ಕೋಟಿ, ಚಲನೆಯೂ ಸರಿ.

ಸಮಾಧಾನ ಆಗಬೇಕಿತ್ತಲ್ವಾ? ಆದದ್ದು ಬೇರೆ. ಆ ಹಾಳೆ ಮನೆಗೆ ಹೋದದ್ದೇ ತಡ, ‘ನಮ್ಮ ಹುಡುಗಂದು ಸರಿ ಇದೆಯಂತೆ’ ಎನ್ನುವುದು ಹಿತ್ತಲ ಬೇಲಿ ದಾಟಿತು. ಗಂಡ ಆಡಿಕೊಂಡವರಲ್ಲ, ಆದರೆ ಅಡ್ಡಿಯೂ ಹೇಳಲಿಲ್ಲ. ಅಲ್ಲಿಯವರೆಗೆ ಇಬ್ಬರದಾಗಿದ್ದದ್ದು ಅವತ್ತಿನಿಂದ ಆಕೆಯೊಬ್ಬಳದಾಯಿತು. ಇದರಲ್ಲೂ ನನ್ನ ಪಾಲಿದೆ. ಇಬ್ಬರ ಪರೀಕ್ಷೆಯನ್ನೂ ಒಂದೇ ವಾರದಲ್ಲಿ ಮಾಡಿಸಿ, ಇಬ್ಬರನ್ನೂ ಕೂರಿಸಿಕೊಂಡು ಒಟ್ಟಿಗೆ ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

ಆ ಸಂಜೆ

2019ರ ಜುಲೈ. ಸಂಜೆ ಆರಕ್ಕೇ ಕತ್ತಲೆ, ಕರೆಂಟು ಮಧ್ಯಾಹ್ನವೇ ಹೋಗಿತ್ತು. ಮಗಳಿಗೆ ಕೆಮ್ಮು ಎಂದು ಬಂದಿದ್ದರು. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಔಷಧಿ ಬರೆಯುತ್ತಿದ್ದೆ. ಆಕೆಯ ಹಳೇ ರಕ್ತ ಪರೀಕ್ಷೆ ಫೈಲಿನಿಂದ ಹೊರಗೆ ಇಣುಕುತ್ತಿತ್ತು. ಹೀಮೋಗ್ಲೋಬಿನ್ 13.4. ನಮ್ಮ ಕಡೆ ಹೆಂಗಸರಲ್ಲಿ ಈ ಅಂಕಿ ಅಪರೂಪ. 9, 10 ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಎದ್ದು ಕಂಡಿತು. ಸುಮ್ನೆ ತಮಾಷೆಗೆ ಕೇಳಿದೆ, “ಏನ್ರೀ ತಿಂತೀರಿ ನೀವು? ನನಗೂ ಹೇಳಿ.”

“ತಿನ್ನೋದೇನಿಲ್ಲ ಡಾಕ್ಟ್ರೇ. ನಂಗೆ ಜಾಸ್ತಿ ಹೋಗೋದೇ ಇಲ್ಲ ಅಲ್ದಾ. ಪ್ಯಾಡಿನ ಒಂದು ಪ್ಯಾಕೆಟ್ ತಂದ್ರೆ ಮೂರು ತಿಂಗಳು ಬರ್ತದೆ.”

ಬರೆಯುತ್ತಿದ್ದ ಪೆನ್ನು ನಿಲ್ಲಿಸಿದೆ. “ಮೊದಲಿಂದಾನೂ ಹೀಗೇನಾ?”

“ಇಲ್ಲಪ್ಪ. ಮದುವೆಗೆ ಮುಂಚೆ ಐದು ದಿನ, ಹೊಟ್ಟೆನೋವು ಬೇರೆ. ಮಗಳು ಹುಟ್ಟಿದ್ಮೇಲೆ ಆರಾಮ. ಒಂದೂವರೆ ದಿನ, ಅಷ್ಟೇ. ಬಾಣಂತನ ಚೆನ್ನಾಗಿ ಮಾಡಿದ್ರು ಅಮ್ಮ, ಅದಕ್ಕೇ ಎಲ್ಲ ಸರಿಹೋಯ್ತು ಅಂತಾರೆ.”

“ಹೆರಿಗೆ ಆದ್ಮೇಲೆ ಏನಾದ್ರೂ ತೊಂದರೆ ಆಗಿತ್ತಾ?”

“ತೊಂದರೆ ಏನಿಲ್ಲ. ಇಪ್ಪತ್ತನೇ ದಿನಕ್ಕೋ ಏನೋ ಮತ್ತೆ ಬ್ಲೀಡಿಂಗ್ ಶುರುವಾಯ್ತು. ಕಸ ಒಳಗೇ ಸ್ವಲ್ಪ ಉಳಿದಿದೆ ಅಂತ ಕ್ಲೀನ್ ಮಾಡಿದ್ರು. ಸಂಜೆಗೇ ಮನೆಗೆ ಕಳ್ಸಿದ್ರು.”

ಕಸ ಎಂದರೆ ಮಾಸು, ಮಗುವಿನ ಹಿಂದೆ ಬೀಳುವುದು. ಎಂಟು ತಿಂಗಳಿಂದ ಆಕೆ ನನ್ನ ಪೇಷಂಟು. ಹೆರಿಗೆ ಹೇಗಾಯಿತು ಎಂದು ಕೇಳಿದ್ದೆ, ನಾರ್ಮಲ್ ಎಂದಿದ್ದರು. ಹೆರಿಗೆಯ ನಂತರ ಏನಾಯಿತು ಎಂದು ನಾನಾಗಲಿ ಇನ್ನೊಬ್ಬರಾಗಲಿ ಕೇಳಿರಲಿಲ್ಲ. ಆಕೆಗಂತೂ ಅದು ಹೇಳಬೇಕಾದ ಕಾಯಿಲೆಯೇ ಅಲ್ಲ, ಸಿಕ್ಕಿದ ವರ.

ಒಳಗೆ ಏನಾಗಿತ್ತು

ಗರ್ಭಕೋಶದ ಒಳಪದರಕ್ಕೆ ಎರಡು ಭಾಗ. ಮೇಲಿನದು ಪ್ರತಿ ತಿಂಗಳು ಬೆಳೆದು ಮುಟ್ಟಿನಲ್ಲಿ ಉದುರಿ ಹೋಗುವುದು. ಕೆಳಗಿನದು ಬುಡ, ಅದರಿಂದಲೇ ಮೇಲಿನದು ಮತ್ತೆ ಬೆಳೆಯುವುದು. ಆಕೆಗೆ ನಾನು ಹೇಳಿದ್ದು ಸೊಪ್ಪಿನ ಬೆಟ್ಟದ ಲೆಕ್ಕದಲ್ಲಿ. ತೋಟಕ್ಕೆಂದು ಸೊಪ್ಪು ಕಡಿದರೆ ಮರ ಮತ್ತೆ ಚಿಗುರುತ್ತದೆ. ಬೇರಿನ ತನಕ ಕೆರೆದರೆ ಅಲ್ಲಿ ಬರೀ ನೆಲ ಉಳಿಯುತ್ತದೆ. ಗರ್ಭಕೋಶದಲ್ಲಿ ಅಂಥ ಎರಡು ಬರಿ ಜಾಗ ಎದುರುಬದುರಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗಿನ ಜಾಗ ಕಿರಿದಾಗುತ್ತದೆ, ಮುಟ್ಟು ಕಮ್ಮಿಯಾಗುತ್ತದೆ, ಭ್ರೂಣಕ್ಕೆ ಕಚ್ಚಿಕೊಳ್ಳಲು ನೆಲೆ ಸಿಗುವುದಿಲ್ಲ. ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. 1894ರಲ್ಲೇ ಫ್ರಿಟ್ಶ್ ಎಂಬ ಜರ್ಮನ್ ವೈದ್ಯರು ಒಂದು ಪ್ರಕರಣ ಬರೆದಿದ್ದರು. 1948ರಲ್ಲಿ ಜೋಸೆಫ್ ಆಶರ್‌ಮನ್ ವಿವರವಾಗಿ ಬರೆದ ಮೇಲೆ ಅವರ ಹೆಸರೇ ನಿಂತಿತು.

ಹೆರಿಗೆಯಾದ ಎರಡರಿಂದ ನಾಲ್ಕನೇ ವಾರದಲ್ಲಿ ಕೆರೆದು ತೆಗೆದರೆ ಅಪಾಯ ಜಾಸ್ತಿ. ಆಗ ಗರ್ಭಕೋಶ ಮೆತ್ತಗಿರುತ್ತದೆ. ಹಾಲೂಡಿಸುವುದರಿಂದ ಈಸ್ಟ್ರೋಜನ್ ಹಾರ್ಮೋನು ಕಮ್ಮಿಯಿದ್ದು ಒಳಪದರ ಬೇಗ ಮರಳಿ ಬೆಳೆಯುವುದಿಲ್ಲ. ಆಕೆಗೆ ಮಾಡಿದ್ದು ಸರಿಯಾಗಿ ಆ ಹೊತ್ತಿನಲ್ಲಿ. ಹಾಗೆಂದು ಮಾಡಿದವರನ್ನು ದೂರಲು ನಾನು ತಯಾರಿಲ್ಲ. ರಕ್ತ ಹೋಗುತ್ತಿದ್ದ ಬಾಣಂತಿ, ಹೊರಗೆ ಆಷಾಢದ ಮಳೆ, ಅವತ್ತು ಜೀವ ಉಳಿಸುವುದು ಮುಖ್ಯ. ನನ್ನ ತಕರಾರು ಒಂದೇ. ಅದರ ಒಂದು ಸಾಲು ಬರಹ ಕೂಡ ಆಕೆಯ ಕೈಗೆ ಬಂದಿರಲಿಲ್ಲ. ಆ ಚಿಕ್ಕ ನರ್ಸಿಂಗ್ ಹೋಮು ನಾವು ವಿಚಾರಿಸುವ ಹೊತ್ತಿಗೆ ಮುಚ್ಚಿಯೇ ಹೋಗಿತ್ತು.

ದಾರಿ ಬದಲಾದ ಮೇಲೆ

ಮೊದಲು ಎಚ್‌ಎಸ್‌ಜಿ. ಗರ್ಭಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವುದು. ಮುಟ್ಟು ನಿಂತ ಮೇಲೆ, ಮೊಟ್ಟೆ ಬಿಡುಗಡೆಯಾಗುವ ಮುಂಚೆ, ಅಂದರೆ ಹೆಚ್ಚು ಕಮ್ಮಿ 6ರಿಂದ 10ನೇ ದಿನದೊಳಗೆ ಆಗಬೇಕು. 2019ರ ಆಗಸ್ಟಿನ ಮಳೆ ನಮ್ಮ ಕಡೆಯವರಿಗೆ ಮರೆಯುವುದಿಲ್ಲ. ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ವರ್ಷ ಅದು. ಆಕೆಯ ಎಂಟನೇ ದಿನ ಬಸ್ಸೇ ಇರಲಿಲ್ಲ. ಒಂದು ತಿಂಗಳು ಮುಂದೆ ಹೋಯಿತು.

ಸೆಪ್ಟೆಂಬರಿನಲ್ಲಿ ಚಿತ್ರ ಬಂತು. ತ್ರಿಕೋನದ ಹಾಗೆ ತುಂಬಿಕೊಳ್ಳಬೇಕಾದ ಜಾಗದಲ್ಲಿ ನಡುವೆಯೂ ಬಲಕ್ಕೂ ಕಚ್ಚಿ ತೆಗೆದ ಹಾಗೆ ಖಾಲಿ ಖಾಲಿ. ಎಡ ನಾಳ ತೆರೆದಿತ್ತು, ಬಲದ್ದು ಕಾಣಲೇ ಇಲ್ಲ. ಅಕ್ಟೋಬರಿನಲ್ಲಿ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಿಸ್ಟರೋಸ್ಕೋಪಿ. ತೆಳ್ಳನೆ ಕ್ಯಾಮೆರಾ ಕೊಳವೆಯನ್ನು ಗರ್ಭಕೋಶದ ಬಾಯಿಯಿಂದಲೇ ಒಳಗಿಟ್ಟು, ಕಣ್ಣಿಗೆ ಕಾಣುವಂತೆ ಅಂಟನ್ನು ಸಣ್ಣ ಕತ್ತರಿಯಿಂದ ಬಿಡಿಸಿದರು. ಒಂದು ಚೂರು ಟಿಬಿ ಪರೀಕ್ಷೆಗೂ ಹೋಯಿತು. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವೂ ಹೀಗೇ ಒಳಗೆ ಅಂಟು ಮಾಡಬಲ್ಲದು, ಅದನ್ನು ನೋಡದೆ ಮುಂದುವರಿಯಬಾರದು. ಟಿಬಿ ಇರಲಿಲ್ಲ.

ಬಿಡಿಸಿದ್ದು ಮತ್ತೆ ಅಂಟುವುದು ಈ ಕಾಯಿಲೆಯ ಕೆಟ್ಟ ಚಾಳಿ. ಅದಕ್ಕೇ ಕೆಲವು ದಿನ ಒಳಗೆ ಪುಟ್ಟ ಬಲೂನು ಇಟ್ಟರು, ಎರಡು ತಿಂಗಳು ಈಸ್ಟ್ರೋಜನ್ ಮಾತ್ರೆ ಕೊಟ್ಟರು. ಡಿಸೆಂಬರಿನಲ್ಲಿ ಇನ್ನೊಮ್ಮೆ ಇಣುಕಿ, ಮತ್ತೆ ಹುಟ್ಟಿದ್ದ ಸಣ್ಣ ಅಂಟನ್ನೂ ತೆಗೆದರು. ಗಂಡನ ಲೆಕ್ಕದಲ್ಲಿ ಎಲ್ಲ ಸೇರಿ ಒಂದೂವರೆ ಕ್ವಿಂಟಾಲ್ ಅಡಿಕೆ. ಈ ಸಲ ಅವರು ಎರಡೂ ಸಲ ಜೊತೆಗೆ ಹೋಗಿದ್ದರು. ಆಪರೇಷನ್ನಿನ ವಿಡಿಯೋವನ್ನು ಅವರಿಗೆ ತೋರಿಸಿ ವಿವರಿಸಿದ್ದರು ಅಲ್ಲಿನ ವೈದ್ಯರು. “ಜೇಡರ ಬಲೆ ಇದ್ದ ಹಾಗಿತ್ತು ಡಾಕ್ಟ್ರೇ, ಹಳೇ ಅಟ್ಟದಲ್ಲಿ ಇರ್ತದಲ್ಲ” ಎಂದರು ನನಗೆ. ಅವತ್ತಿನಿಂದ ‘ಅವಳ ತೊಂದರೆ’ ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಮನೆಯಲ್ಲಿ ಅತ್ತೆಗೆ ಏನು ಹೇಳಿದರೋ ಗೊತ್ತಿಲ್ಲ, ಏನೋ ಹೇಳಿದ್ದಂತೂ ಹೌದು.

ಜನವರಿಯಲ್ಲಿ ಒಂದು ಬೆಳಿಗ್ಗೆ ಆಕೆಯ ಫೋನು. “ಡಾಕ್ಟ್ರೇ, ನಾಲ್ಕು ದಿನ ಆಯ್ತು. ಪ್ಯಾಕೆಟ್ ಖಾಲಿ!” ಮುಟ್ಟು ಜೋರಾಯಿತೆಂದು ಇಷ್ಟು ಖುಷಿಯಿಂದ ಫೋನು ಮಾಡಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಸ್ಕ್ಯಾನಿನಲ್ಲಿ ಒಳಪದರ 7.8 ಮಿ.ಮೀ.

ಕ್ಲೀನ್ ಬೇಡ

ಮುಂದೆ ಐಯುಐ, ಅಂದರೆ ಗಂಡನ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ, ಮಾಡಿಸುವ ಯೋಚನೆ ಇತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಅದು ಅಲ್ಲಿಗೇ ನಿಂತಿತು. ಏಪ್ರಿಲ್ ಕೊನೆಗೆ ಚಿಕಿತ್ಸೆ ಏನೂ ಇಲ್ಲದೆಯೇ ಬಸಿರಾದರು. ಜೂನಿನಲ್ಲಿ, ಎಂಟನೇ ವಾರಕ್ಕೆ, ಮಗುವಿನ ಎದೆಬಡಿತ ನಿಂತಿತ್ತು.

ಸ್ಕ್ಯಾನ್ ಮಾಡಿದ ಕಡೆ ಹೇಳಿದರಂತೆ, “ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಕ್ಲೀನ್ ಮಾಡಿಬಿಡೋಣ.” ಎಲ್ಲರಿಗೂ ಹೇಳುವ ಮಾತು. ಅಲ್ಲಿಗೆ ಆಕೆಯ ಹಿಂದಿನ ಕತೆ ಗೊತ್ತಿರಲಿಲ್ಲ. ಆಕೆ ಕಣ್ಣೀರು ಒರೆಸಿಕೊಂಡು, “ಕ್ಲೀನ್ ಬೇಡ” ಎಂದರು. ಯಾಕೆ ಎಂದು ಕೇಳಿದರೆ ಉತ್ತರ ಕೊಡುವಷ್ಟು ಶಕ್ತಿ ಇರಲಿಲ್ಲ. ಸೀದಾ ಎದ್ದು ಹೊರಗೆ ಬಂದು ನನಗೆ ಫೋನು ಮಾಡಿದರು.

ಇಡೀ ಪ್ರಕರಣದಲ್ಲಿ ಮುಖ್ಯ ತಿರುವು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಪ್ಯಾಡಿನ ಪ್ಯಾಕೆಟ್ಟು ನನ್ನ ಕಣ್ಣು ತೆರೆಸಿತು, ಸರಿ. ಆದರೆ ಆ ದಿನ ಸುಮ್ಮನೆ ತಲೆಯಾಡಿಸಿದ್ದರೆ ಒಂದೂವರೆ ಕ್ವಿಂಟಾಲ್ ಅಡಿಕೆ, ಎರಡು ಆಪರೇಷನ್ನು ಎಲ್ಲವೂ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುವ ಸಾಧ್ಯತೆ ಇತ್ತು. ಎಂಟು ವಾರದಲ್ಲಿ ನಿಂತು ಹೋದ ಗರ್ಭವನ್ನು ರಕ್ತಸ್ರಾವ, ಜ್ವರ ಇಲ್ಲದಿದ್ದರೆ ಮಾತ್ರೆಯಿಂದಲೂ ಹೊರಹಾಕಬಹುದು, ತಾನಾಗಿ ಹೋಗಲೆಂದು ಸ್ವಲ್ಪ ಕಾಯಲೂಬಹುದು. ಆಪರೇಷನ್ ಮಾಡಿದ ವೈದ್ಯರಿಗೆ ಫೋನು ಮಾಡಿದೆ. ಅವರ ಸಲಹೆಯಂತೆ, ಆಸ್ಪತ್ರೆಯಲ್ಲಿ ಇರಿಸಿಕೊಂಡೇ, ಮಾತ್ರೆಯಲ್ಲಿ ಮುಗಿಯಿತು. ಎರಡು ವಾರದ ನಂತರದ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲರಿಗೂ ಮಾತ್ರೆಯೇ ಸರಿ ಎಂದಲ್ಲ. ರಕ್ತ ಜೋರಾಗಿ ಹೋಗುತ್ತಿದ್ದರೆ ಕಾಯುವ ಹಾಗಿಲ್ಲ. ಅಂಥ ಕಡೆಯೂ ಚಮಚದಂಥ ಕ್ಯುರೆಟ್ಟಿನಿಂದ ಕೆರೆಯುವುದಕ್ಕಿಂತ ಹೀರಿ ತೆಗೆಯುವ ವಿಧಾನ ಮೇಲು.

ಆ ಮಳೆಗಾಲ ಆಕೆ ಯಾರ ಮನೆಗೂ ಹೋಗಲಿಲ್ಲ. ಕೊರೋನಾ ಇದ್ದದ್ದರಿಂದ ಯಾರೂ ಯಾಕೆ ಎಂದು ಕೇಳಲೂ ಇಲ್ಲ. “ಅದೊಂದು ಉಪಕಾರ ಆಯ್ತು” ಎಂದರು ಒಮ್ಮೆ.

ಫಲಿತಾಂಶ

2020ರ ಡಿಸೆಂಬರಿನಲ್ಲಿ ಮತ್ತೆ ನಿಂತಿತು. ಈ ಸಲ ನಾವು ಮೊದಲೇ ಎಚ್ಚರವಾಗಿದ್ದೆವು. ಆಶರ್‌ಮನ್ ಆದವರಲ್ಲಿ ಬಸಿರು ನಿಂತ ಮಾತ್ರಕ್ಕೆ ಕತೆ ಮುಗಿಯುವುದಿಲ್ಲ. ಒಳಪದರ ಸರಿ ಇಲ್ಲದ ಜಾಗದಲ್ಲಿ ಮಾಸು ಆಳಕ್ಕೆ ಬೇರು ಬಿಡಬಹುದು, ಹೆರಿಗೆಯ ನಂತರ ಬಿಟ್ಟು ಬರದೆ ವಿಪರೀತ ರಕ್ತ ಹೋಗಬಹುದು. ಆದ್ದರಿಂದ ತವರಿನ ಹತ್ತಿರದ ಆಸ್ಪತ್ರೆ ಬೇಡ, ರಕ್ತನಿಧಿ ಇರುವ ಕಡೆಯೇ ಹೆರಿಗೆ ಎಂದು ಐದನೇ ತಿಂಗಳಿಗೇ ತೀರ್ಮಾನ ಮಾಡಿದೆವು. ಆಕೆಯ ತಾಯಿ ಬೇಸರ ಮಾಡಿಕೊಂಡರು. ಎರಡನೇದಕ್ಕೂ ಬಾಣಂತನ ನಮ್ಮಲ್ಲೇ ಆಗಬೇಕು ಎನ್ನುವುದು ಅವರ ಆಸೆ. ಹೆರಿಗೆ ಅಲ್ಲಿ, ಬಾಣಂತನ ನಿಮ್ಮಲ್ಲಿ ಎಂದು ರಾಜಿಯಾಯಿತು. ಎಂಟನೇ ತಿಂಗಳಿಗೆ ಆಸ್ಪತ್ರೆಯ ಹತ್ತಿರವೇ ನೆಂಟರ ಮನೆಯಲ್ಲಿ ಹೋಗಿ ಉಳಿದರು. ಮಳೆಗಾಲದಲ್ಲಿ ನಡುರಾತ್ರಿ ಘಾಟಿ ಇಳಿಯುವ ಹಣೆಬರಹ ಬೇಡ ಎಂದು.

2021ರ ಆಗಸ್ಟ್ ಕೊನೆಗೆ ಸಹಜ ಹೆರಿಗೆ. ಗಂಡು ಮಗು. ಹೆದರಿದ್ದ ಹಾಗೇ ಆಯಿತು, ಅರ್ಧ ಗಂಟೆಯಾದರೂ ಕಸ ಬೀಳಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟು ಕೈಯಿಂದ ಬಿಡಿಸಿದರು. ರಕ್ತ ಹೋಯಿತು, ಎರಡು ಬಾಟಲಿ ಕೊಟ್ಟರು. ರಕ್ತ ಮೊದಲೇ ತಯಾರಿತ್ತು, ಗಾಬರಿ ಇರಲಿಲ್ಲ. ಒಂದು ಸಣ್ಣ ಚೂರು ಬಿಡದೆ ಅಂಟಿಯೇ ಉಳಿಯಿತು. ಅದನ್ನು ಕೆರೆಯಲು ಹೋಗಲಿಲ್ಲ. ಕಾದು, ಕೆಲವು ವಾರದ ನಂತರ ಹಿಸ್ಟರೋಸ್ಕೋಪಿಯಲ್ಲಿ ನೋಡಿಕೊಂಡು ತೆಗೆದರು.

ಈಗ ನಾನು ಕೇಳುವ ಪ್ರಶ್ನೆಗಳು ಬದಲಾಗಿವೆ. ಎರಡನೇ ಮಗು ಆಗುತ್ತಿಲ್ಲ ಎಂದು ಯಾರಾದರೂ ಬಂದರೆ ಮೊದಲು ಕೇಳುವುದೇ ಮೊದಲ ಹೆರಿಗೆಯ ಕತೆ. ಮಗು ಹೇಗೆ ಹುಟ್ಟಿತು ಎನ್ನುವಲ್ಲಿಗೆ ನಿಲ್ಲಿಸುವುದಿಲ್ಲ, ಆಮೇಲಿನ ನಲವತ್ತು ದಿನ ಏನೇನಾಯಿತು ಎಂದು ಕೇಳುತ್ತೇನೆ. ಜ್ವರ ಬಂದಿತ್ತಾ? ವಾಸನೆಯ ಸ್ರಾವ ಇತ್ತಾ? ಸೋಂಕು ನಾಳ ಮುಚ್ಚಿಸಿರಬಹುದು. ರಕ್ತ ತುಂಬಾ ಹೋಗಿ, ಆಮೇಲೆ ಎದೆಹಾಲೇ ಬರಲಿಲ್ಲವಾ? ಹಾಗಿದ್ದರೆ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬಿದ್ದಿರಬಹುದು, ಶೀಹಾನ್ ಸಿಂಡ್ರೋಮ್ ಎನ್ನುತ್ತಾರೆ. ಸಿಸೇರಿಯನ್ ಆಗಿದ್ದರೆ ಮುಟ್ಟು ಮುಗಿದ ಮೇಲೂ ಕಂದು ಬಣ್ಣದ ಸ್ರಾವ ದಿನಗಟ್ಟಲೆ ಇರುತ್ತದಾ? ಹೊಲಿಗೆ ಹಾಕಿದ ಜಾಗದಲ್ಲಿ ಗುಂಡಿ ಬಿದ್ದಿರಬಹುದು. ಮಧ್ಯದಲ್ಲಿ ಗರ್ಭಪಾತ ಆಗಿತ್ತಾ, ‘ಕ್ಲೀನ್’ ಮಾಡಿಸಿದ್ದರಾ? ಈ ಕೊನೆಯದನ್ನು ಅತ್ತೆ ಎದುರಿಗೆ ಕೇಳುವುದಿಲ್ಲ. ಗಂಡನಿಗೂ ಹೇಳದೆ ಇಟ್ಟುಕೊಂಡವರು ಇರುತ್ತಾರೆ. ಮುಟ್ಟಿನ ಬಗ್ಗೆ ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತೇನೆ, ಎಷ್ಟು ಹೋಗುತ್ತದೆ ಎಂದೂ ಕೇಳುತ್ತೇನೆ. ಕಮ್ಮಿ, ಜಾಸ್ತಿ ಎನ್ನುವ ಉತ್ತರ ನನಗೆ ಬೇಡ. ಪ್ಯಾಡಿನ ಲೆಕ್ಕ ಹೇಳಿ ಎನ್ನುತ್ತೇನೆ. ಗಂಡನ ಚೀಟಿಯನ್ನು ಅವತ್ತೇ, ಹೆಂಡತಿಯ ಚೀಟಿಯ ಜೊತೆಗೇ ಬರೆಯುತ್ತೇನೆ. ಮಗುವಿನ ಮೂಗು ಯಾರ ಹಾಗಿದ್ದರೂ ಸರಿ.

ಆಕೆ ಮೊನ್ನೆ ಮಗನಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದರು. ಇದನ್ನು ಬರೆಯಲೇ ಎಂದು ಕೇಳಿದಾಗ ಬರೀರಿ ಎಂದು, ಬ್ಯಾಗಿನಿಂದ ದಪ್ಪ ಪ್ಲಾಸ್ಟಿಕ್ ಕವರು ತೆಗೆದರು. ಪಹಣಿ, ಸೊಸೈಟಿಯ ಪಾಸ್‌ಬುಕ್, ರೇಷನ್ ಕಾರ್ಡು, ಅವುಗಳ ನಡುವೆ ಲ್ಯಾಮಿನೇಷನ್ ಮಾಡಿಸಿದ ಡಿಸ್ಚಾರ್ಜ್ ಕಾರ್ಡು. “ದಿನಾಂಕ ತಪ್ಪಬಾರ್ದಲ್ಲ, ಇದನ್ನ ನೋಡ್ಕೊಂಡೇ ಬರೀರಿ” ಎಂದರು. ಮಾಸು ಕೈಯಿಂದ ತೆಗೆದದ್ದು, ಚೂರು ಉಳಿದದ್ದು, ಕೊಟ್ಟ ರಕ್ತ, ಎಲ್ಲ ಅದರಲ್ಲಿತ್ತು. ನಾನು ನಕಲು ತೆಗೆದುಕೊಂಡು ವಾಪಸು ಕೊಟ್ಟೆ. ಆಕೆ ಮೊದಲಿದ್ದ ಜಾಗಕ್ಕೇ, ಪಹಣಿಯ ಕೆಳಗೆ, ಸೇರಿಸಿ ಇಟ್ಟರು.